ತೊಟ್ಟಿಯ ತಳದ ಬಿಳಿ ಗಸಿ

ಮೊದಲು ಕಣ್ಣಿಗೆ ಬಿದ್ದದ್ದು ಟಗರು. ನೀರಿನ ತೊಟ್ಟಿಗೆ ಕೊಂಬು ಆನಿಸಿ, ಕಾಲು ಚಾಚಿ ಬಿದ್ದಿತ್ತು. ಬಾಯಿಂದ ಜೊಲ್ಲು ಸುರಿದು ಮಣ್ಣು ಒದ್ದೆಯಾಗಿತ್ತು. ರಾಮಾಂಜಿನಮ್ಮ ಅದನ್ನು ಎಬ್ಬಿಸಲು ಕೈಹಾಕಿದಳು. ಮೈ ಸೆಟೆದಿತ್ತು.

ತಲೆ ಎತ್ತಿ ನೋಡಿದಳು. ತಂತಿ ಬೇಲಿಯ ತನಕ ಅರ್ಧ ಮಂದೆ ಮಲಗಿದಂತೆ ಬಿದ್ದಿತ್ತು. ಮಲಗಿದ ಕುರಿಯ ಕಿವಿ ಆಡುತ್ತಲೇ ಇರುತ್ತದೆ. ಇವುಗಳ ಕಿವಿ ಆಡುತ್ತಿರಲಿಲ್ಲ.

ಒಂದು ಮರಿ ಇನ್ನೂ ನಡುಗುತ್ತಿತ್ತು. ತೊಟ್ಟಿಯಿಂದ ಬೊಗಸೆಯಲ್ಲಿ ನೀರೆತ್ತಿ ಅದರ ಮುಖಕ್ಕೆ ಹುಯ್ದಳು. ಮರಿ ಒಮ್ಮೆ ಒದರಿ ಸುಮ್ಮನಾಯಿತು. ಆಗ ಅವಳು ಊರಿನ ಕಡೆ ಓಡಿದಳು.

ಅವಳು ಆಂಧ್ರದ ಗಡಿಗೆ ಹತ್ತಿರದ ನಾಗಲಮಡಿಕೆ ಕಡೆಯವಳು, ಮಾತಿನಲ್ಲಿ ತೆಲುಗು ಬೆರೆಯುತ್ತದೆ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಮಧುಗಿರಿ ತಾಲ್ಲೂಕಿಗೆ ಬರುತ್ತಾಳೆ. ರಾತ್ರಿ ಮಂದೆ ಯಾರ ಹೊಲದಲ್ಲಿ ಮಲಗುತ್ತದೋ ಆ ಹೊಲಕ್ಕೆ ಗೊಬ್ಬರ ಸಿಗುತ್ತದೆ. ಹೊಲದವರು ಅವಳಿಗೆ ರಾಗಿ ಅಳೆದು ಕೊಡುತ್ತಾರೆ. ದೊಡ್ಡೇರಿ ಹತ್ತಿರದ ಹುಣಸೆಪಾಳ್ಯದಲ್ಲಿ ಈ ಸಲ ಮೊದಲ ಮಂದೆ ಬಿದ್ದದ್ದು ತಿಪ್ಪೇಶನ ಹೊಲದಲ್ಲಿ, ಅವನ ದಾಳಿಂಬೆ ತೋಟದ ಪಕ್ಕ. ಹಿಂದಿನ ರಾತ್ರಿ ಅವಳಿಗೆ ಮೈ ಕಾದಿತ್ತು. ಅವನ ಪಂಪ್‌ಹೌಸಿನೊಳಗೆ ಕಂಬಳಿ ಹೊದ್ದು ಮಲಗಿಬಿಟ್ಟಿದ್ದಳು.

ಜನ ಕೂಡಿಸಿಕೊಂಡು ವಾಪಸ್ ಬಂದಾಗ ತೊಟ್ಟಿಯ ಬಳಿ ಒಬ್ಬರು ಆಗಲೇ ನಿಂತಿದ್ದರು. ಪಕ್ಕದ ಹೊಲದ ಚಂದ್ರಶೇಖರಯ್ಯ.

"ನೀರು ನೋಡ್ರಪ್ಪಾ! ಮೈಲುತುತ್ತ ಕಲ್ಸವ್ನೆ!"

ಎಲ್ಲರೂ ಬಗ್ಗಿದರು. ತಿಳಿ ನೀಲಿ ನೀರು. ತಳದಲ್ಲಿ ಬಿಳಿ ಗಸಿ.

"ತುತ್ತ, ಸುಣ್ಣ. ದಾಳಿಂಬೆಗೆ ಹೊಡೆಯೋ ಔಷ್ದಿ. ಈ ಊರಾಗೆ ದಾಳಿಂಬೆ ಇಕ್ಕಿರೋನು ಯಾರ್ಲಾ?"

ತಿಪ್ಪೇಶ ಕೇರಿಯಿಂದ ಓಡಿಬಂದಿದ್ದ. ಅಂಗಿಯ ಗುಂಡಿ ಕೂಡ ಹಾಕಿರಲಿಲ್ಲ.

"ನಾನ್ಯಾಕಣ್ಣ ಸಾಯಿಸ್ಲಿ? ಮಂದೆ ಕರ್ಕಂಡ್ ಬಂದೋನೇ ನಾನು."

"ಗಿಡ ಮೇಯ್ದವು ಅಂತ ನೆನ್ನೆ ಬಯ್ಲಿಲ್ವೇನ್ಲಾ?"

"ಬೈದೆ. ಬೈದ್ರೆ ಸಾಯಿಸ್ದಂಗಾಯ್ತಾ?"

ಯಾರೋ ಅವನ ಕಪಾಳಕ್ಕೆ ಹೊಡೆದರು. ಪೊಲೀಸ್ ಜೀಪು ಬರುವ ಹೊತ್ತಿಗೆ ದಾಳಿಂಬೆಯ ಒಂದು ಸಾಲು ನೆಲಕ್ಕುರುಳಿತ್ತು. ಎರಡನೇ ಸಾಲಿನ ಮುಂದೆ ಅವನ ಹೆಂಡತಿ ರಾಧಾಮಣಿ ನಿಂತಿದ್ದಳು. ಮಚ್ಚು ಹಿಡಿದವರು ಅವಳು ಸರಿಯಲಿ ಎಂದು ಕಾಯುತ್ತಿದ್ದರು. ಅವಳು ಸರಿಯಲಿಲ್ಲ.

ತಿಪ್ಪೇಶನನ್ನು ಊರ ಮುಂದೆಯೇ ಜೀಪಿಗೆ ಹತ್ತಿಸಿದರು.

* * *

ಮಧುಗಿರಿ. ಖಾಸಗಿ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯ.

ಸಬ್ ಇನ್‌ಸ್ಪೆಕ್ಟರ್ ನವೀನ್ ಕುಮಾರ್ ಮೇಜಿನ ಮೇಲೆ ಹಳೆಯ ತಂಪು ಪಾನೀಯದ ಬಾಟಲಿ ಇಟ್ಟರು. ಒಳಗೆ ನೀಲಿ ನೀರು, ತಳದಲ್ಲಿ ಬೆರಳಗಲ ಬಿಳಿ.

"ಸೀಲ್ ಮಾಡಿದ್ದು ಬೆಂಗ್ಳೂರಿಗೆ ಕಳ್ಸಿದೀನಿ ಮೇಡಂ. ಅವ್ರು ಹೇಳೋ ಹೊತ್ಗೆ ಮಳೆಗಾಲ ಬರುತ್ತೆ. ತುತ್ತ ಇದ್ಯಾ ಇಲ್ವಾ, ಅಷ್ಟು ಹೇಳಿ ಸಾಕು."

ಉಪನ್ಯಾಸಕಿ ಅಶ್ವಿನಿ ಬಾಟಲಿಯನ್ನು ಮುಟ್ಟದೆ ನೋಡಿದಳು. ಅವಳ ಅಭ್ಯಾಸವೇ ಹಾಗೆ. ಗ್ಯಾಸ್ ನಲ್ಲಿಯನ್ನು ಎರಡು ಸಲ ನೋಡುತ್ತಾಳೆ. ಬೀಗ ಹಾಕಿ ಮತ್ತೆ ಎಳೆದು ನೋಡುತ್ತಾಳೆ. ಮಕ್ಕಳು ಬೆನ್ನ ಹಿಂದೆ ನಗುತ್ತಾರೆಂದು ಅವಳಿಗೆ ಗೊತ್ತು.

ಪಕ್ಕದ ಕೋಣೆಯಿಂದ ಸಹೋದ್ಯೋಗಿ ಅಂಜನ್ ಕುಮಾರ್ ಬಂದ. ಅವನೂ ರಸಾಯನಶಾಸ್ತ್ರದವನೇ. ಬಾಟಲಿ ನೋಡಿ ನಿಂತ.

"ಇದ್ಯಾಕೆ ನೀಲಿ ಇದೆ?"

"ಅದನ್ನ ಹೇಳ್ಲಿ ಅಂತಾನೇ ನಿಮ್ ಹತ್ರ ಬಂದಿರೋದು ಸಾರ್," ನವೀನ್ ಕುಮಾರ್ ನಕ್ಕರು. "ಹುಣಸೆಪಾಳ್ಯದ್ದು. ನೀರು ನೀಲಿ ಆಗಿರೋದನ್ನ ನಿಮ್ ತಂದೆ ಚಂದ್ರಶೇಖರಯ್ಯನೋರೇ ಮೊದ್ಲು ನೋಡಿದ್ದು. ಫೋನ್ ಮಾಡ್ಲಿಲ್ವಾ?"

"ಕುರಿ ಸತ್ವು ಅಂದ್ರು. ಅಷ್ಟೇ."

ಅಶ್ವಿನಿ ಮೇಲಿನ ತಿಳಿ ನೀರನ್ನು ಟೆಸ್ಟ್ ಟ್ಯೂಬಿಗೆ ಬಗ್ಗಿಸಿದಳು. ಅಮೋನಿಯಾ ಹನಿಸಿದಳು. ಮೊದಲು ಮೋಡ ಕಟ್ಟಿತು. ಇನ್ನಷ್ಟು ಹನಿಸಿದಾಗ ಮೋಡ ಕರಗಿ, ಟ್ಯೂಬ್ ಶಾಯಿಯಂಥ ಗಾಢ ನೀಲಿಯಾಯಿತು.

"ತಾಮ್ರ," ಎಂದಳು.

"ಮುಗೀತಲ್ಲ!"

"ತುತ್ತ ಅನ್ನೋಕೆ ಸಲ್ಫೇಟೂ ನೋಡ್ಬೇಕು." ಅವಳು ಬೇರಿಯಂ ಕ್ಲೋರೈಡ್ ದ್ರಾವಣದ ಶೀಷೆಗೆ ಕೈಚಾಚಿದಳು.

ಅಂಜನ್ ಅವಳಿಗಿಂತ ಮೊದಲೇ ಶೀಷೆ ಎತ್ತಿ ಹಿಂದಿನ ಸಾಲಿಗೆ ಸರಿಸಿದ. "ತಾಮ್ರ ಬಂದ್ಮೇಲೆ ಇನ್ನೇನು ಮೇಡಂ? ಸಾಹೇಬ್ರಿಗೆ ಟೈಮಿಲ್ಲ. ಇದೇನ್ ಪ್ರಾಕ್ಟಿಕಲ್ ಪರೀಕ್ಷೆನಾ?"

"ತಳದ ಬಿಳಿ?"

"ಸುಣ್ಣ. ನೋಡಿದ್ರೇ ಗೊತ್ತಾಗುತ್ತೆ." ಬಾಟಲಿಯನ್ನು ಎತ್ತಿ ಸಿಂಕಿನ ಕಡೆ ಹೊರಟ.

"ಚೆಲ್ಬೇಡಿ."

ದನಿ ತಾನಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. ಅಂಜನ್ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದ.

ನವೀನ್ ಕುಮಾರರ ನಗು ಹೋಗಿತ್ತು. "ನಾಳೆ ಅವನನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು ಮೇಡಂ. ಊರು ಕಾದ ಹೆಂಚಾಗಿದೆ. ತುತ್ತ ಇದೆ ಅಂತ ಒಂದು ಸಾಲು ಬರ್ಕೊಟ್ರೆ ಅವ್ನು ಜೈಲಿಗ್ ಹೋಗ್ತಾನೆ, ಊರು ತಣ್ಣಗಾಗುತ್ತೆ."

"ನೀರಲ್ಲಿ ತಾಮ್ರ ಇದೆ. ಕುರಿ ಅದ್ರಿಂದ್ಲೇ ಸತ್ವು ಅಂತ ನಾನು ಹೇಳ್ಲಿಲ್ಲ."

"ಎರಡೂ ಒಂದೇ."

"ಅಲ್ಲ ಸಾರ್."

ಅವರು ಟೋಪಿ ಎತ್ತಿಕೊಂಡರು. "ನಾಳೆ ಬೆಳಿಗ್ಗೆ ತನಕ. ಆಮೇಲೆ ನಿಮ್ಮ ಸಾಲು ಇಲ್ದೇನೂ ಅವ್ನು ಹೋಗ್ತಾನೆ."

* * *

ಇಬ್ಬರೂ ಹೋದ ಮೇಲೆ ಅಶ್ವಿನಿ ಬಾಗಿಲ ಚಿಲಕ ಹಾಕಿದಳು.

ಒಂದು ಬೀಕರಿನಲ್ಲಿ ತಾನೇ ತುತ್ತ ಕರಗಿಸಿ, ಸುಣ್ಣದ ತಿಳಿ ಸುರಿದಳು. ದಾಳಿಂಬೆಗೆ ಹೊಡೆಯುವ ಔಷಧಿ ಹೀಗೇ ಆಗುವುದು. ನೀಲಿ ಮುದ್ದೆ ಕಟ್ಟಿ ನಿಧಾನವಾಗಿ ತಳಕ್ಕಿಳಿಯಿತು. ಮೇಲಿನ ನೀರು ಬಣ್ಣವಿಲ್ಲದೆ ನಿಂತಿತು.

ತೊಟ್ಟಿಯ ನೀರು ಇದಕ್ಕೆ ತಿರುಗುಮುರುಗು. ನೀಲಿ ಮೇಲೆ, ಬಿಳಿ ಕೆಳಗೆ. ಸುಣ್ಣವಿದ್ದರೆ ತಾಮ್ರ ಮೇಲೆ ಉಳಿಯುತ್ತಲೇ ಇರಲಿಲ್ಲ.

ಗಸಿಯನ್ನು ಸೋಸಿ, ಒಂದು ಚಿಟಿಕೆಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಳು. ಸುಣ್ಣವಾದರೆ ಕರಗಬೇಕು. ಕರಗಲಿಲ್ಲ. ಗಟ್ಟಿ ಆಮ್ಲ ಹಾಕಿ ಕಾಯಿಸಿದಳು. ಬಿಳಿ ಬಿಳಿಯಾಗಿಯೇ ಕುಳಿತಿತ್ತು.

ಆಮ್ಲಕ್ಕೂ ಕರಗದ ಬಿಳಿ. ಪ್ರತಿ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಮಾತು: ಬೇರಿಯಂ ಮತ್ತು ಸಲ್ಫೇಟ್ ಸೇರಿದರೆ ಆಮ್ಲಕ್ಕೂ ಕರಗದ ಬಿಳಿ ಗಸಿ.

ಊಹೆ ಸಾಲದು. ಗಸಿಯನ್ನು ಅಮೋನಿಯಾದಲ್ಲಿ ತೊಳೆದಳು. ತೊಳೆದ ನೀರಲ್ಲಿ ನೀಲಿ ಕಾಣಿಸುವುದು ನಿಲ್ಲುವ ತನಕ ತೊಳೆದಳು. ವಾಷಿಂಗ್ ಸೋಡಾದ ಗಟ್ಟಿ ದ್ರಾವಣದಲ್ಲಿ ಕುದಿಸಿ, ಸೋಸಿ, ಉಳಿದದ್ದನ್ನು ಅಸಿಟಿಕ್ ಆಮ್ಲಕ್ಕೆ ಹಾಕಿದಳು. ಈಗ ಕರಗಿತು. ಪೊಟ್ಯಾಸಿಯಂ ಕ್ರೋಮೇಟ್ ಹನಿಸಿದಾಗ ಹಳದಿ ಗಸಿ ಬಿತ್ತು. ತಂತಿಯ ತುದಿಯಲ್ಲಿ ಅದ್ದಿ ಬರ್ನರಿಗೆ ಹಿಡಿದಳು. ಜ್ವಾಲೆ ಎಳೆ ಸೇಬಿನ ಹಸಿರು.

ಬೇರಿಯಂ.

ನೀರಿನಲ್ಲಿ ಕರಗುವ ಬೇರಿಯಂ ಲವಣ ಘೋರ ವಿಷ. ಬಣ್ಣವಿಲ್ಲ. ಕುಡಿದ ಪ್ರಾಣಿಗೆ ಜೊಲ್ಲು, ನಡುಕ, ಆಮೇಲೆ ಕಾಲು ಬಿದ್ದುಹೋಗುತ್ತದೆ. ಆದರೆ ಅದೇ ಬೇರಿಯಂ ಸಲ್ಫೇಟಿನೊಡನೆ ಸೇರಿ ಈ ಬಿಳಿಯಾದರೆ ವಿಷವೇ ಅಲ್ಲ. ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮುಂಚೆ ರೋಗಿಗಳಿಗೆ ಕುಡಿಸುವುದು ಇದನ್ನೇ.

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ತುತ್ತ ಮೊದಲೇ ನೀರಿನಲ್ಲಿದ್ದಿದ್ದರೆ ಬೇರಿಯಂ ಬಿದ್ದ ಗಳಿಗೆಯಲ್ಲೇ ಗಸಿಯಾಗಿ ತಳ ಸೇರುತ್ತಿತ್ತು. ಕುರಿಗಳು ಬೇರಿಯಂನಿಂದ ಸತ್ತಿದ್ದರೆ ಅವು ಕುಡಿದದ್ದು ಬಣ್ಣವಿಲ್ಲದ ನೀರು. ನೀಲಿ ಬಂದದ್ದು ಆಮೇಲೆ.

ಯಾರೋ ಸತ್ತ ಕುರಿಗಳ ನಡುವೆ ನಿಂತು ತುತ್ತ ಹಾಕಿದ್ದಾರೆ.

* * *

ಮಧ್ಯಾಹ್ನ ಅವಳು ಸ್ಕೂಟರ್ ಹತ್ತಿ ಶಿರಾಕ್ಕೆ ಹೋದಳು. ಕಡಲೆಕಾಯಿ ಮಂಡಿಯ ಪಕ್ಕದಲ್ಲಿ ಇಲಿ ಪಾಷಾಣ ಮಾರುವ ಹಳೆಯ ಅಂಗಡಿ. ಹಿಂದೆ ಬೇರಿಯಂ ಕಾರ್ಬೊನೇಟನ್ನು ಇಲಿಗಳಿಗೆ ಇಡುತ್ತಿದ್ದರೆಂದು ಓದಿದ್ದಳು.

"ಬೇರಿಯಮ್ಮಾ?" ಅಂಗಡಿಯ ಸಾಬರು ಗಡ್ಡ ನೀವಿಕೊಂಡರು. "ನಮ್ ಅಬ್ಬಾ ಜಮಾನಾದಾಗೆ ಇತ್ತಮ್ಮಾ. ಆಟಾ ಜೊತೆ ಕಲ್ಸಿ ಮೂಟೆ ಸಂದೀಗೆ ಇಕ್ತಿದ್ರು. ಈಗ ಖಾಲಿ ಈ ಕರೀ ಪುಡಿ."

"ನೀರಲ್ಲಿ ಕಲಸಿದ್ರೆ?"

"ಕರ್ಗಲ್ಲಮ್ಮಾ ಅದು. ಕರ್ಗೋ ಹಂಗಿದ್ರೆ ನೀರೇ ಇಕ್ತಿದ್ವಿ. ಇಲಿಗೆ ಗೋಧಿ ಹಿಟ್ಟು ಯಾಕೆ ದಂಡ?"

ಕರಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಬಂದಿದ್ದಳು. ಇನ್ನೊಂದು ಸಾಧ್ಯತೆಯನ್ನು ಯೋಚಿಸಲು ಮನಸ್ಸಿರಲಿಲ್ಲ. ಕರಗುವ ಬೇರಿಯಂ ಇರುವ ಜಾಗ ಈ ಸುತ್ತಿನಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ. ಅದರ ಬೀಗದ ಕೈ ಅವಳ ಕೈಚೀಲದಲ್ಲೇ ಇತ್ತು.

ವಾಪಸ್ ಬರುವಾಗ ಹುಣಸೆಪಾಳ್ಯಕ್ಕೆ ತಿರುಗಿದಳು. ಅರಳಿಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿದರು.

"ಯಾರ್ಲಾ ಇದು?"

"ಸತ್ತೋದ್ ಕುರಿಗೆ ಇಂಜೆಕ್ಷನ್ ಕೊಡಾಕ್ ಬಂದವ್ರೆ ಕಣ್ಲಾ!"

ನಗು ಬೆನ್ನಿಗೆ ಬಿತ್ತು. ಅವಳು ಸ್ಕೂಟರ್ ನಿಲ್ಲಿಸಲಿಲ್ಲ.

ರಾಮಾಂಜಿನಮ್ಮ ಬದುಕುಳಿದ ಕುರಿಗಳ ನಡುವೆ ಕುಳಿತಿದ್ದಳು. ಸ್ವಲ್ಪ ದೂರದಲ್ಲಿ ರಾಧಾಮಣಿ ಕಡಿದ ಗಿಡಗಳ ಬುಡಕ್ಕೆ ಮಣ್ಣು ಒತ್ತುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

"ಬೆಳಿಗ್ಗೆ ಮೊದಲು ನೋಡಿದಾಗ ನೀರು ನೀಲಿ ಇತ್ತಾ ಅಮ್ಮ?"

"ಲೇದಮ್ಮಾ. ಬೊಗಸೇಲಿ ಎತ್ತಿ ಮರಿ ಮಕಕ್ಕೆ ಹುಯ್ದೆ. ತಳ ಕಾಣ್ತಿತ್ತು." ಹೇಳಿ ಅವಳೇ ಬೆಚ್ಚಿದಳು. "ಅಯ್ಯೋ ದೇವುಡಾ. ಬಣ್ಣ ಇರ್ಲೇ ಇಲ್ಲ ಕದಮ್ಮಾ?"

"ಪೊಲೀಸರಿಗೆ ಹೇಳ್ಲಿಲ್ವಾ?"

"ಎವರಮ್ಮಾ ಕೇಳಿದ್ದು? ಎಲ್ಲಾ ಕೂಗ್ತಿದ್ರು. ನಾನೂ ಕೂಗ್ದೆ. ಅವನೇ, ಅವನೇ ಅಂತ."

ರಾಧಾಮಣಿ ತಲೆ ಎತ್ತದೆ ಹೇಳಿದಳು. "ಜೋರಾಗೇ ಕೂಗಿದ್ಲು ಬುಡಿ."

"ನಿಮ್ಮೇಲೆ ಯಾರಿಗಾದ್ರೂ ಹೊಟ್ಟೆಕಿಚ್ಚಿತ್ತಾ?" ಅಶ್ವಿನಿ ಅವಳನ್ನೇ ಕೇಳಿದಳು.

"ಮೊದಲ್ನೇ ಮಂದೆ ವರ್ಷಾ ವರ್ಷಾ ಈ ಪಕ್ಕದ ಚಂದ್ರಶೇಖರಯ್ಯನೋರ ಹೊಲಕ್ಕೇ ಬೀಳ್ತಿತ್ತು. ಈ ಸಲ ನಮ್ಮಲ್ಲಿ ನೀರೈತೆ ಅಂತ ಈಯಮ್ಮ ಇಲ್ಲಿಗ್ ಬಂದ್ಲು. ಎರಡ್ ವಾರದ್ ಹಿಂದೆ ಅಯ್ಯನೋರ ಮಗ ಕಟ್ಟೆ ಮುಂದೇನೇ ಕೇಳ್ದ, ನಮ್ ಹೊಲ ದಾಟ್ಕಂಡು ಕೇರಿಯವ್ರ ಹೊಲಕ್ಕೆ ಹೋಯ್ತೀಯಾ ಅಂತ. ಈಯಮ್ಮ ಅಂದ್ಲು, ನನ್ ಕುರಿ ನೀರು ಕುಡೀತಾವೆ, ದೊಡ್ಡಸ್ತಿಕೆ ಕುಡಿಯಲ್ಲ ಅಂತ. ಕಟ್ಟೆ ಮ್ಯಾಲಿದ್ದೋರೆಲ್ಲಾ ನಕ್ರು."

ಬದುವಿನ ಮೇಲೆ ನೆರಳು ಬಿತ್ತು. ಚಂದ್ರಶೇಖರಯ್ಯ.

"ನನ್ ಮಗನ್ ಜೊತೆ ಕೆಲ್ಸ ಮಾಡೋಳಲ್ವೇನಮ್ಮ ನೀನು? ಪಾಠ ಮಾಡೋದ್ ಬುಟ್ಟು ಇಲ್ಲೇನ್ ಕೆಲ್ಸ? ಹೊತ್ತು ಮುಳುಗೋಕ್ ಮುಂಚೆ ಮನೆ ಸೇರ್ಕೋ."

ಅವಳು ಅವರ ಮುಖ ನೋಡಲಿಲ್ಲ. ಹೆಗಲ ಮೇಲಿನ ಬಿಳಿ ಟವೆಲ್ ನೋಡಿದಳು. ಅದರ ಒಂದು ಮೂಲೆಯಲ್ಲಿ ಹಸಿರು ನೀಲಿಯ ಕರೆಯಿತ್ತು. ಇವರ ಹೊಲದಲ್ಲಿ ಬೆಳೆಯುವುದು ರಾಗಿ ಮತ್ತು ಕಡಲೆಕಾಯಿ. ತುತ್ತ ಹೊಡೆಯುವ ಗಿಡ ಒಂದೂ ಇರಲಿಲ್ಲ.

ಊರು ದಾಟಿದ ಮೇಲೆ ನವೀನ್ ಕುಮಾರರಿಗೆ ಫೋನ್ ಮಾಡಿದಳು. ಪಶುವೈದ್ಯರು ಸತ್ತ ಕುರಿಯ ಹೊಟ್ಟೆಯಿಂದ ತೆಗೆದಿಟ್ಟ ನೀರು ಸ್ವಲ್ಪ ಬೇಕೆಂದಳು. ಅವರು ಬೈದರು. ಆಮೇಲೆ ಕೊಡಿಸಿದರು.

* * *

ಮರುದಿನ ಕಾಲೇಜು ತೆರೆಯುವ ಮೊದಲೇ ಅವಳು ಪ್ರಯೋಗಾಲಯದಲ್ಲಿದ್ದಳು.

ಪೊಲೀಸರಿಗೆ ಮಾತು ಸಾಲದು, ಕಣ್ಣಿಗೆ ಕಾಣಬೇಕು. ತೊಟ್ಟಿಯ ಗಸಿಯ ಪಕ್ಕದಲ್ಲಿ ಅಸಲಿ ಬೇರಿಯಂ ಸಲ್ಫೇಟ್ ಇಟ್ಟು ತೋರಿಸಬೇಕೆಂದುಕೊಂಡಳು. ಕಾಲೇಜಿನ ಬೇರಿಯಂ ಕ್ಲೋರೈಡ್ ದ್ರಾವಣ ತೆಗೆದುಕೊಂಡು ಸಲ್ಫ್ಯೂರಿಕ್ ಆಮ್ಲ ಹನಿಸಿದಳು. ಹಾಲಿನಂತೆ ಬಿಳಿ ಬರಬೇಕು.

ಟ್ಯೂಬ್ ತಿಳಿಯಾಗಿಯೇ ಇತ್ತು.

ತೊಳೆದು ಮತ್ತೆ ಮಾಡಿದಳು. ತಿಳಿ. ಸ್ಟೋರ್ ರೂಮಿನಿಂದ ಬೇರಿಯಂ ಕ್ಲೋರೈಡಿನ ದೊಡ್ಡ ಬಾಟಲಿ ತಂದು, ಹೊಸದಾಗಿ ಪುಡಿ ಕರಗಿಸಿ ಮಾಡಿದಳು. ಆಗಲೂ ತಿಳಿ. ಪುಡಿಯನ್ನು ತಂತಿಗೆ ಅಂಟಿಸಿ ಜ್ವಾಲೆಗೆ ಹಿಡಿದಳು. ಹಸಿರಲ್ಲ, ಅಚ್ಚ ಹಳದಿ.

ಬಾಟಲಿಯಲ್ಲಿದ್ದದ್ದು ಅಡುಗೆ ಉಪ್ಪು.

ಅವಳು ಸ್ಟೂಲಿನ ಮೇಲೆ ಕುಳಿತಳು. ಹಿಂದಿನ ವಾರವಿಡೀ ಅಂಜನ್‌ನ ಮಕ್ಕಳು ಈ ದ್ರಾವಣ ಹಾಕಿಯೇ ಸಲ್ಫೇಟ್ ಪರೀಕ್ಷೆ ಮಾಡಿದ್ದರು. ಉಪ್ಪು ನೀರಿಗೆ ಬಿಳಿ ಗಸಿ ಬರುವ ಮಾತೇ ಇಲ್ಲ. ಆದರೂ ಒಬ್ಬರೂ ಬರಲಿಲ್ಲ ಎನ್ನಲಿಲ್ಲ. ಯಾವ ಬೆಂಚಿಗೆ ಯಾವ ಲವಣ ಎಂದು ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ಟ್ಯೂಬ್ ನೋಡಿ ಬರೆಯುವವರಿಲ್ಲ. ಬಿಳಿ ಗಸಿ ಬಂತು, ಆಮ್ಲಕ್ಕೆ ಕರಗಲಿಲ್ಲ, ಸಲ್ಫೇಟ್ ಖಚಿತ ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಇಲ್ಲಿ ನಡೆದುಕೊಂಡು ಬಂದದ್ದೇ ಹೀಗೆ. ಅದನ್ನು ನಂಬಿಯೇ ಯಾರೋ ಉಪ್ಪು ತುಂಬಿದ್ದರು.

ಅವಳು ನವೀನ್ ಕುಮಾರರಿಗೆ ಮತ್ತೆ ಫೋನ್ ಮಾಡಿದಳು. ಯಾರನ್ನೆಲ್ಲ ಕರೆತರಬೇಕೆಂದು ಹೇಳಿದಳು. ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಅಂಜನ್ ನಿಂತಿದ್ದ. ಅವನ ಕಣ್ಣು ತೆರೆದ ಬಾಟಲಿಯ ಮೇಲಿತ್ತು.

"ಊರಿಗೆ ಹೋಗಿದ್ರಂತೆ."

"ಹ್ಞೂ."

"ಸ್ಟೋರ್ ರೂಮಿಗೆ ಎರಡೇ ಕೀ ಮೇಡಂ. ಒಂದು ನಿಮ್ಮ ಬ್ಯಾಗಲ್ಲಿದೆ. ಪೊಲೀಸ್ನೋರಿಗೆ ಬಾಟ್ಲಿ ತೋರ್ಸೋಕ್ ಮುಂಚೆ ಅದನ್ನ ಯೋಚ್ನೆ ಮಾಡಿ. ಆ ತಿಪ್ಪೇಶ ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

"ಮತ್ಯಾಕೆ?"

ಅವಳು ಟ್ಯೂಬನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು.

* * *

ಪ್ರಯೋಗಾಲಯದ ಮೇಜಿನ ಒಂದು ಕಡೆ ಚಂದ್ರಶೇಖರಯ್ಯ ಕುಳಿತರು. ಅವರ ಹಿಂದೆ ಅಂಜನ್ ನಿಂತ. ಇನ್ನೊಂದು ಕಡೆ ರಾಮಾಂಜಿನಮ್ಮ. ನವೀನ್ ಕುಮಾರ್ ಗೋಡೆಗೆ ಒರಗಿದರು.

"ಬೇಗ ಹೇಳಿ ಮೇಡಂ. ಕೋರ್ಟ್ ಟೈಮಾಗುತ್ತೆ."

"ಇದು ಸತ್ತ ಕುರಿಯ ಹೊಟ್ಟೇಲಿದ್ದ ನೀರು. ಬೆಳಿಗ್ಗೆ ಬತ್ತಿಸಿ, ಸುಟ್ಟು, ಬೂದಿಯನ್ನ ಆಮ್ಲದಲ್ಲಿ ಕರಗಿಸಿ ಸೋಸಿದೀನಿ." ಅವಳು ಒಂದು ಟ್ಯೂಬಿಗೆ ಅಮೋನಿಯಾ ಹಾಕಿದಳು. ಸ್ವಲ್ಪ ಕಲಕಿತು, ಅಷ್ಟೇ. "ನೆನ್ನೆ ತೊಟ್ಟಿ ನೀರಿಗೆ ಹಾಕಿದಾಗ ಏನ್ ಬಂತು ಸಾರ್?"

"ಗಾಢ ನೀಲಿ."

"ಇದ್ರಲ್ಲಿ ಬರ್ಲಿಲ್ಲ. ಕುರಿ ಹೊಟ್ಟೇಲಿ ತುತ್ತ ಇಲ್ಲ." ಇನ್ನೊಂದು ಟ್ಯೂಬಿಗೆ ಸಲ್ಫ್ಯೂರಿಕ್ ಆಮ್ಲ ಹನಿಸಿದಳು. ಬಿಳಿ ಮೋಡ ಎದ್ದು ನಿಧಾನವಾಗಿ ತಳಕ್ಕಿಳಿಯಿತು. "ಇದು ಬೇರಿಯಂ. ಕುರಿಗಳನ್ನ ಕೊಂದಿದ್ದು ಇದು. ತೊಟ್ಟಿ ತಳದಲ್ಲಿದ್ದಿದ್ದೂ ಇದೇ. ಸುಣ್ಣ ಅಲ್ಲ. ಜ್ವಾಲೆ ಹಸಿರು ಬಂತು."

"ಹಸಿರು ಜ್ವಾಲೆ ತಾಮ್ರಕ್ಕೂ ಬರುತ್ತೆ," ಅಂಜನ್ ಹೇಳಿದ. "ಮೊದ್ಲನೇ ವರ್ಷದ ಮಕ್ಕಳಿಗೂ ಗೊತ್ತು."

"ಅದಕ್ಕೇ ತಾಮ್ರ ಹೋಗೋ ತನಕ ಅಮೋನಿಯಾದಲ್ಲಿ ತೊಳೆದೆ. ಆಮೇಲೆ ಕ್ರೋಮೇಟ್ ಹಾಕಿದೆ. ಹಳದಿ ಬಂತು. ಟ್ಯೂಬ್ ಅಲ್ಲೇ ಇದೆ, ನೋಡಿ."

ಅವನು ನೋಡಲಿಲ್ಲ.

"ಹಂಗಾದ್ರೆ ತುತ್ತ?" ನವೀನ್ ಕುಮಾರ್ ಗೋಡೆ ಬಿಟ್ಟು ಮುಂದೆ ಬಂದರು.

"ಕುರಿ ಸತ್ತ ಮೇಲೆ ಹಾಕಿದ್ದು. ಈಯಮ್ಮ ನೋಡಿದಾಗ ನೀರು ತಿಳಿಯಾಗಿತ್ತು. ಊರಿಗೆ ಹೋಗಿ ಬರೋಷ್ಟ್ರಲ್ಲಿ ನೀಲಿ ಆಯ್ತು. ಆಗ ತೊಟ್ಟಿ ಹತ್ರ ಇದ್ದವ್ರು ಒಬ್ರೇ." ಅವಳು ಕೈಚಾಚಿದಳು. "ಯಜಮಾನ್ರೇ, ಆ ಟವೆಲ್ ಕೊಡಿ."

"ಯಾಕ್ ಕೊಡ್ಲಿ?"

ನವೀನ್ ಕುಮಾರ್ ಟವೆಲನ್ನು ಅವರ ಹೆಗಲಿಂದ ಎಳೆದು ಕೊಟ್ಟರು. ಕರೆಯ ಮೇಲೆ ಅಮೋನಿಯಾ ಬಿತ್ತು. ಬಟ್ಟೆಯ ಮೂಲೆ ಶಾಯಿ ಚೆಲ್ಲಿದಂತೆ ನೀಲಿಯಾಯಿತು.

"ಅಯ್ಯೋ ಪಾಪಿ!" ರಾಮಾಂಜಿನಮ್ಮ ಎದ್ದಳು. "ನಾ ಗೊರ್ರೆಲನ್ನ, ನನ್ ಕುರಿಗಳ್ನ ನೀನೇ ಸಾಯಿಸ್ದಾ?"

"ನಾನ್ ಸಾಯಿಸ್ಲಿಲ್ಲ ಕಣಮ್ಮ! ಸತ್ತಿದ್ವು ಆಗ್ಲೇ! ಸತ್ತಿರೋದ್ ನೋಡ್ದೆ. ಅವ್ನ ಪಂಪ್‌ಹೌಸಾಗೆ ಪ್ಯಾಕೀಟಿತ್ತು. ಹಾಕ್ದೆ. ಅವ್ನ್ ತಲೆಗೆ ಬರ್ಲಿ ಅಂತ ಹಾಕ್ದೆ. ಅಷ್ಟೇಯ!"

"ಬೇರಿಯಂ ಎಲ್ಲಿಂದ ತಂದ್ರಿ?" ನವೀನ್ ಕುಮಾರ್ ಕೇಳಿದರು.

"ಅದೇನ್ ಅಂತಾನೇ ನಂಗ್ ಗೊತ್ತಿಲ್ಲ ಸ್ವಾಮಿ!"

"ಅದು ನಿಜ," ಅಶ್ವಿನಿ ಹೇಳಿದಳು. "ಗೊತ್ತಿದ್ದವರು ಅದರ ಮೇಲೆ ತುತ್ತ ಹಾಕೋದಿಲ್ಲ." ಅವಳು ದೊಡ್ಡ ಬಾಟಲಿಯನ್ನು ಮೇಜಿನ ನಡುವೆ ಇಟ್ಟಳು. "ಬೇರಿಯಂ ಕ್ಲೋರೈಡ್ ಹೋಗಿದ್ದು ನಮ್ಮ ಸ್ಟೋರಿಂದ. ಒಳಗೆ ಈಗ ಅಡುಗೆ ಉಪ್ಪಿದೆ. ಕೀ ಇರೋದು ಇಬ್ಬರ ಹತ್ರ. ಒಂದು ನನ್ನ ಹತ್ರ."

"ಇವ್ರೇ ತೆಗ್ದಿರ್ಬೇಕು ಸಾರ್!" ಅಂಜನ್ ಮುಂದೆ ಬಂದ. "ಈಗ ನಮ್ ಮನೆತನದ ಮೇಲೆ—"

"ಹೋದ ವಾರ ಸಲ್ಫೇಟ್ ಮಾಡಿಸಿದ್ದು ನೀವು. ಒಂದು ಟ್ಯೂಬಲ್ಲೂ ಬಿಳಿ ಬಂದಿರೋಕೆ ಸಾಧ್ಯ ಇಲ್ಲ. ಮಕ್ಕಳು ನೋಡ್ಲಿಲ್ಲ, ಸರಿ. ಹದಿನೆಂಟರ ವಯಸ್ಸು. ನೀವ್ಯಾಕೆ ಸುಮ್ನಿದ್ರಿ? ನೆನ್ನೆ ನಾನು ಶೀಷೆಗೆ ಕೈ ಹಾಕಿದ್ರೆ ಹಿಂದಕ್ಕೆ ಸರಿಸಿದ್ರಿ. ಆಮ್ಲ ಹಾಕದೇನೇ ಸುಣ್ಣ ಅಂದ್ರಿ. ಚೆಲ್ಲೋಕೆ ಹೋದ್ರಿ. ಇನ್ನೊಂದು. ಬಾಟಲಿ ನೋಡಿದ ತಕ್ಷಣ ನೀವು ಇದೇನು ಅಂತ ಕೇಳ್ಲಿಲ್ಲ. ಇದ್ಯಾಕೆ ನೀಲಿ ಇದೆ ಅಂತ ಕೇಳಿದ್ರಿ. ಬಣ್ಣ ಇರಬಾರದು ಅಂತ ನಿಮಗೆ ಗೊತ್ತಿತ್ತು."

ಚಂದ್ರಶೇಖರಯ್ಯ ನಿಧಾನವಾಗಿ ಹಿಂದಕ್ಕೆ ತಿರುಗಿದರು.

"ಮೊನ್ನೆ ಮಧ್ಯಾಹ್ನ ಊರಿಗ್ ಬಂದಿದ್ಯಲ್ಲೋ. ಹೊಲ ನೋಡ್ಕಂಡು ಬತ್ತೀನಿ ಅಂತ ಒಬ್ನೇ ಹೋದ್ಯಲ್ಲೋ. ಏನ್ಲಾ ಮಾಡ್ದೆ ಅಂಜ?"

"ನೀನ್ ಯಾಕಪ್ಪಾ ಕೈ ಹಾಕ್ದೆ!"

ಕಿರುಚಾಟಕ್ಕೆ ಸ್ಟ್ಯಾಂಡಿನ ಟ್ಯೂಬುಗಳು ಅದುರಿದವು.

"ಸುಮ್ನಿದ್ದಿದ್ರೆ ಆಗ್ತಿರ್ಲಿಲ್ವಾ? ಏನೋ ರೋಗ ಬಂತು, ಆ ಹೊಲ ಆಗಿಬರಲ್ಲ ಅಂತ ಹೂಳಿ ಹೋಗ್ತಿದ್ರು! ಅವ್ನ ಹೊಲಕ್ಕೆ ಇನ್ಯಾವತ್ತೂ ಯಾವ ಮಂದೆನೂ ಬೀಳ್ತಿರ್ಲಿಲ್ಲ. ಪೊಲೀಸೂ ಇಲ್ಲ, ಕೇಸೂ ಇಲ್ಲ. ನೀನು ತುತ್ತ ಸುರಿದು ಎಲ್ಲಾನೂ ತಳದಲ್ಲಿ ಕೂರ್ಸಿ ತೋರ್ಸಿದ್ಯಲ್ಲೋ!"

ಹೇಳಿ ಮುಗಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ತಿಳಿಯಿತು. ನವೀನ್ ಕುಮಾರ್ ಆಗಲೇ ಬಾಗಿಲಿಗೆ ಅಡ್ಡ ನಿಂತಿದ್ದರು.

ಚಂದ್ರಶೇಖರಯ್ಯ ಟವೆಲಿಗಾಗಿ ಮೇಜಿನ ಮೇಲೆ ಕೈಯಾಡಿಸಿದರು. ಅಶ್ವಿನಿ ಅದನ್ನು ದೂರ ಸರಿಸಿದಳು. ಅದೀಗ ಸಾಕ್ಷಿ.

* * *

ಜೀಪಿನಲ್ಲಿ ನವೀನ್ ಕುಮಾರ್ ಒಂದೇ ಪ್ರಶ್ನೆ ಕೇಳಿದರು. "ಅಪ್ಪ ತುತ್ತ ಹಾಕದೆ ಇದ್ದಿದ್ರೆ?"

"ತೊಟ್ಟೀಲಿ ಬರೀ ತಿಳಿ ನೀರಿರ್ತಿತ್ತು. ಯಾರೂ ಬಾಟಲಿಗೆ ತುಂಬ್ತಿರ್ಲಿಲ್ಲ. ನನ್ನ ಹತ್ರ ತರ್ತಿರ್ಲಿಲ್ಲ. ನಾವು ಲ್ಯಾಬಲ್ಲಿ ಸಲ್ಫೇಟ್ ಹುಡುಕೋಕೆ ಬೇರಿಯಂ ಹಾಕ್ತೀವಿ. ಅವ್ರು ಬೇರಿಯಂ ಇದ್ದ ನೀರಿಗೆ ಸಲ್ಫೇಟ್ ಹಾಕಿದ್ರು. ಪರೀಕ್ಷೆ ಅವ್ರೇ ಮಾಡಿಕೊಟ್ರು ಸಾರ್."

ಠಾಣೆಯಲ್ಲಿ ತಿಪ್ಪೇಶನನ್ನು ಹೊರಗೆ ಕರೆದರು. ಒಂದು ಕಣ್ಣು ಊದಿಕೊಂಡಿತ್ತು. "ತಪ್ಪಾಯ್ತು, ನೀನಿನ್ನು ಹೋಗು," ಎಂದರು ನವೀನ್ ಕುಮಾರ್.

ಅವನು ಮೆಟ್ಟಿಲ ಮೇಲೆಯೇ ನಿಂತ.

"ಊರ ಮುಂದೆ ಹಿಡ್ಕಂಡ್ ಬಂದ್ರಿ ಸಾರ್. ಬುಡೋದು ಯಾಕೆ ಇಲ್ಲಿ ಬುಡ್ತೀರಾ?"

"ಬಸ್ಸಿದೆಯಲ್ಲಯ್ಯ."

"ಬಸ್ಸಾಗೆ ಹೋದ್ರೆ ಜಾಮೀನ್ ಮ್ಯಾಲೆ ಬಂದವ್ನೆ ಅಂತಾರೆ. ತೋಟದಾಗೆ ಇನ್ನೂ ಸಾಲುಗಳವೆ ಕಡಿಯೋಕೆ."

ನವೀನ್ ಕುಮಾರ್ ಅಶ್ವಿನಿಯ ಕಡೆ ನೋಡಿದರು. ಅವಳು ಬೇರೆ ಕಡೆ ನೋಡಲಿಲ್ಲ.

ಹುಣಸೆಪಾಳ್ಯದ ಕಟ್ಟೆಯ ಮುಂದೆ ಜೀಪು ನಿಂತಾಗ ಜನ ಸೇರಿದರು. ರಾಧಾಮಣಿ ತೋಟದಿಂದ ಮಣ್ಣಿನ ಕೈಯಲ್ಲೇ ಬಂದಳು. ನವೀನ್ ಕುಮಾರ್ ಕೆಳಗಿಳಿದು ಟೋಪಿ ಸರಿಮಾಡಿಕೊಂಡರು. ತಿಪ್ಪೇಶ ಏನೂ ಮಾಡಿಲ್ಲ, ಮಾಡಿದವರು ಸಿಕ್ಕಿದ್ದಾರೆ ಎಂದು ತಗ್ಗಿದ ದನಿಯಲ್ಲಿ, ನೆಲ ನೋಡಿಕೊಂಡು ಹೇಳಿ ಜೀಪಿನ ಕಡೆ ತಿರುಗಿದರು.

"ಕೇಳಿಸ್ಲಿಲ್ಲ ಸಾರ್," ಎಂದಳು ರಾಧಾಮಣಿ. "ಹಿಂದೆ ನಿಂತಿರೋರ್ಗೂ ಕೇಳಿಸ್ಲಿಲ್ಲ."

ಕಟ್ಟೆಯ ಮೇಲೆ ಕುಳಿತಿದ್ದವರು ಒಬ್ಬೊಬ್ಬರಾಗಿ ಕಾಲು ಕೆಳಗಿಟ್ಟರು. ನವೀನ್ ಕುಮಾರ್ ಗಂಟಲು ಸರಿಮಾಡಿಕೊಂಡು, ಈ ಸಲ ತಲೆ ಎತ್ತಿ, ಮೊದಲಿನಿಂದ ಶುರುಮಾಡಿದರು. ತಂದೆಯ ಹೆಸರನ್ನೂ ಮಗನ ಹೆಸರನ್ನೂ ಬಿಡದೆ ಹೇಳಿದರು.